ಅಕ್ಕ ಕೇಳಿದ ಎಡಗಾಲು

ನಮ್ಮ ದ್ವೀಪಕ್ಕೆ ಇರುವ ನರ್ಸ್ ಒಬ್ಬಳೇ, ಅಕೊಸಿತಾ. ಇಲ್ಲಿನ ಅರ್ಧದಷ್ಟು ಗಂಡಸರು ಅವಳಿಗೆ ಅಣ್ಣನೋ ತಮ್ಮನೋ ಆಗಬೇಕು. ಟೋಂಗಾದಲ್ಲಿ ಚಿಕ್ಕಪ್ಪನ ಮಗಳೂ ಅಕ್ಕ, ಅತ್ತೆಯ ಮಗಳೂ ಅಕ್ಕ. ಅಕ್ಕನೆದುರು ಮೈಯ ಮಾತು ಎತ್ತುವಂತಿಲ್ಲ, ಒಂದೇ ಕೋಣೆಯಲ್ಲಿ ಅವಳ ಜೊತೆ ಕೂರುವಂತಿಲ್ಲ. ಹೀಗಾಗಿ ಮರ್ಯಾದಸ್ಥ ಗಂಡಸು ಕಾಯಿಲೆ ಬಿದ್ದರೆ ಒಂದೋ ಯಾವಾಗಲೋ ದೋಣಿಯಲ್ಲಿ ಬರುವ ಗಂಡು ನರ್ಸಿಗೆ ಕಾಯಬೇಕು, ಇಲ್ಲವೇ ಮರ್ಯಾದೆಯಿಂದ ಸಾಯಬೇಕು. ಎರಡನೆಯದೇ ಸುಲಭವೆಂದು ಕಂಡುಕೊಂಡವರು ಬಹಳ. ಅವರ ಗೋರಿಗಳನ್ನು ನಾವು ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೇವೆ.

ಅಕೊಸಿತಾಳ ತಮ್ಮ ಲಾತು ಆ ದಾರಿಯಲ್ಲೇ ಇದ್ದ. ಅವನು ನಮ್ಮ ಚರ್ಚಿನ ಹಾಡುಗಾರರನ್ನು ಹಾಡಿಸುವವನು. ನಾನು ಹಿಂದಿನ ಸಾಲಿನಲ್ಲಿ ನಿಂತು ದಪ್ಪ ದನಿಯಲ್ಲಿ ಹಾಡುವವನು. ಹಾಡಿಸುವಾತ ಕರಿ ಬೂಟು ಹಾಕದೆ ನಿಂತರೆ ದೇವರಿಗೆ ಅವಮಾನ ಎಂದು ಪಾದ್ರಿಗಳ ಮತ. ಲಾತುವಿನ ಬೂಟು ಮಿರಮಿರ ಮಿಂಚುತ್ತಿತ್ತು, ಕಾಲಿಗೆ ಸಣ್ಣದಾಗಿತ್ತು. ಸಕ್ಕರೆ ಕಾಯಿಲೆಯವನ ಕಾಲು ಜೋಮು ಹಿಡಿದಿದ್ದರಿಂದ ಅದು ಕಚ್ಚುವುದು ಅವನಿಗೆ ತಿಳಿಯಲೇ ಇಲ್ಲ. ಎಡಗಾಲ ಹೆಬ್ಬೆರಳ ಬುಡದಲ್ಲಿ ಹುಣ್ಣಾಯಿತು. ಚಾಪೆಯ ಮೇಲೆ ರಕ್ತ ಕಂಡು ಹೆಂಡತಿ ವಿಕಾ ಕ್ಲಿನಿಕ್ಕಿಗೆ ಓಡಿದಳು.

"ನೋವೇ ಇಲ್ವಂತೆ ಅಕ್ಕ. ಹೇಳಿದ್ರೆ ನನ್ನನ್ನೇ ಗದರಿಸ್ತಾನೆ."

"ನೋವಿಲ್ದಿರೋದೇ ರೋಗ ಕಣೇ," ಎಂದಳು ಅಕೊಸಿತಾ. "ಆ ಕಾಲು ಅವನ ಜೊತೆ ಮಾತು ಬಿಟ್ಟಿದೆ. ಇನ್ಮೇಲೆ ಅವನೇ ದಿನಾ ಬಗ್ಗಿ ವಿಚಾರಿಸ್ಕೋಬೇಕು. ಇಲ್ಲಾಂದ್ರೆ ದೊಡ್ಡಾಸ್ಪತ್ರೇಲಿ ಕಾಲೇ ತೆಗೀತಾರೆ."

ಅಂಗಾಲು ನೋಡಿಕೊಳ್ಳಲೆಂದು ಅವಳು ಕೊಟ್ಟು ಕಳಿಸಿದ ಕನ್ನಡಿಯನ್ನು ಲಾತು ಗೋಡೆಗೆ ಸಿಕ್ಕಿಸಿ ಗಡ್ಡ ಹೆರೆದುಕೊಂಡ. "ಅಕ್ಕ ಕಳ್ಸಿದ್ ಕನ್ನಡೀಲಿ ಕಾಲು ನೋಡ್ಲಾ? ನಿಂಗೆ ನಾಚ್ಕೆ ಆಗಲ್ವಾ?" ಎಂದು ವಿಕಾಳನ್ನೇ ಕೇಳಿದ. ಗಂಡು ನರ್ಸ್ ಬರುವತನಕ ಕಾಯಲಿ, ಸಂಬಂಧಿಕರ ಮೈ ಮುಟ್ಟುವ ಗೊಡವೆ ನಿನಗೆ ಬೇಡ ಎಂದು ಊರ ಹಿರಿಯರೂ ಅಕೊಸಿತಾಳಿಗೆ ಬುದ್ಧಿ ಹೇಳಿದರು. "ಹುಣ್ಣು ದೋಣಿಗೆ ಕಾಯುತ್ತಾ, ಕೇಳ್ಕೊಂಡು ಬನ್ನಿ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಲಾತುವಿನ ಮಗಳಿಗೆ ಇಪ್ಪತ್ತೊಂದು ತುಂಬಿತು. ಅಂಥ ಹಬ್ಬದೂಟದಲ್ಲಿ ನಮ್ಮಲ್ಲಿ ತಂದೆಯ ಅಕ್ಕನೇ ದೊಡ್ಡವಳು. ಮೇಲಿನ ಚಾಪೆಯಲ್ಲಿ ಅವಳು, ಕೇಕಿನ ಮೇಲ್ತುದಿಯ ಭಾಗ ಅವಳಿಗೆ, ಉಡುಗೊರೆಯ ನುಣುಪು ಚಾಪೆಗಳು ಅವಳಿಗೆ. ಅವಳು ಬಾಯಿಬಿಟ್ಟು ಕೇಳಿದ್ದನ್ನು ತಮ್ಮ ಇಲ್ಲವೆನ್ನುವಂತಿಲ್ಲ. ಲಾತು ಚಪ್ಪರದ ಆ ತುದಿಯಲ್ಲಿ ಹಂದಿಮಾಂಸದ ಮರೆಯಲ್ಲಿ ಕೂತಿದ್ದ. ಇಬ್ಬರ ನಡುವೆ ಮಾತು ದಾಟಿಸಲು ನಮ್ಮ ಮುಖ್ಯಸ್ಥರ ವಕ್ತಾರ, ಮುದುಕ ವಾಕಾ, ಕೋಲೂರಿ ನಿಂತಿದ್ದ.

ಚಾಪೆಗಳನ್ನು ತಂದು ಮುಂದಿಟ್ಟರು. ಅಕೊಸಿತಾ ಅವನ್ನು ಪಕ್ಕಕ್ಕೆ ಸರಿಸಿದಳು. ಚಪ್ಪರವಿಡೀ ಅತ್ತ ತಿರುಗಿತು.

"ವಾಕಾ ಅಜ್ಜ, ನಂಗೆ ಚಾಪೆ ಬೇಡ. ನನ್ ತಮ್ಮನ ಎಡಗಾಲು ಬೇಕು ಅಂತ ಹೇಳಿ."

ಹೆಂಗಸರು ನೆಲ ನೋಡಿದರು. ಪಾದ್ರಿಗಳು ಕೆಮ್ಮಿದರು. "ಅಮ್ಮಾ, ಮರ್ಯಾದೆ ಅನ್ನೋದು…"

"ಮರ್ಯಾದೆಗೆ ಕಾಲು ಬೇಕಾಗಲ್ಲ ಪಾದ್ರಿಗಳೇ. ಇವನಿಗೆ ಬೇಕು."

ಲಾತು ಬೆವರು ಒರೆಸಿಕೊಂಡ. "ಕೊಟ್ಟಿದೀನಿ ಅಂತ ಹೇಳಜ್ಜ. ಆದ್ರೆ ಅದು ನನಗೇ ಅಂಟ್ಕೊಂಡಿದೆ, ಒಯ್ಯೋದು ಹೆಂಗೆ ಅಂತ ಕೇಳು."

ಜನ ಕಿಸಕ್ಕೆಂದರು. ಅಕೊಸಿತಾ ನಗಲಿಲ್ಲ. "ದೊಡ್ಡಾಸ್ಪತ್ರೆ ಗರಗಸದೋರು ಒಯ್ಯೋಕೆ ತಯಾರಾಗೇ ಇದಾರೆ. ಸದ್ಯಕ್ಕೆ ಅಲ್ಲೇ ಇರ್ಲಿ. ಆದ್ರೆ ನನ್ ಸ್ವತ್ತು ನೋಡ್ಕೊಳ್ಳೋದು ಹೆಂಗೆ ಅಂತ ಅವನು ಕಲೀಬೇಕು. ಬೆಳಿಗ್ಗೆ ಕನ್ನಡೀಲಿ ಅಂಗಾಲು ನೋಡ್ಬೇಕು. ನೀರು ಬಿಸಿ ಇದ್ಯಾ ಅಂತ ಮೊಣಕೈ ಅದ್ದಿ ತಿಳ್ಕೋಬೇಕು, ಕಾಲು ಅದ್ದಿ ಅಲ್ಲ. ಬೆರಳ ಸಂದು ಒಣಗಿರ್ಬೇಕು. ಆ ಬೂಟನ್ನ ಮೀನಿಗೆ ಹಾಕ್ಲಿ."

"ಕೇಳಿಸ್ಕೊಂಡೆ ಅನ್ನು," ಎಂದ ಲಾತು.

"ಕೇಳಿಸ್ಕೊಂಡ್ರೆ ಸಾಲ್ದು. ತಿರುಗಿ ಹೇಳ್ಲಿ."

ಲಾತು ಗೊಣಗಿದ. ವಾಕಾ ಅದನ್ನು ರಾಜರ ಮುಂದೆ ಮಾತಾಡುವ ದನಿಯಲ್ಲಿ, ಬೆರಳ ಸಂದುಗಳನ್ನೂ ಬಿಡದೆ, ಇಡೀ ಸಭೆಗೆ ಸಾರಿದ. ನೀರಿಗೆ ಕಾಲು ಅದ್ದುವುದೆಂದು ಲಾತು ತಪ್ಪಿ ಹೇಳಿದಾಗ ಅಕೊಸಿತಾ ಕೈ ಅಡ್ಡ ಹಿಡಿದಳು. "ಮತ್ತೆ ಹೇಳ್ಸಿ." ಮೂರನೇ ಸಲಕ್ಕೆ ಮಕ್ಕಳೂ ಜೊತೆಗೆ ಒಪ್ಪಿಸತೊಡಗಿದ್ದವು. ಆಮೇಲಷ್ಟೇ ಅವಳು ಕೇಕು ಮುಟ್ಟಿದಳು.

ಮಾರನೆಯ ದಿನ ಕ್ಲಿನಿಕ್ಕಿನ ಜಗಲಿಯಲ್ಲಿ ಮರದ ನಾರಿನ ಬಟ್ಟೆಯ ಪರದೆ ಕಟ್ಟಿತ್ತು. ಲಾತು ಆಚೆ ಕೂತು ಎಡಗಾಲನ್ನು ಮಾತ್ರ ಒಳಕ್ಕೆ ಚಾಚಿದ. ಕಾಲು ಅವಳದು, ಮುಟ್ಟಬಹುದು. ಮಿಕ್ಕ ತಮ್ಮ ಹೊರಗಿದ್ದ. ವಾಕಾ ಕೋಲು ಹಿಡಿದು ಮಧ್ಯೆ ನಿಂತ. ಹಿರಿಯರು ಇದರಲ್ಲಿ ತಪ್ಪು ಹುಡುಕಲು ಒಂದು ಸಂಜೆಯೆಲ್ಲ ಬೇರು ಅರೆದು ಮಾಡುವ ಕಾವಾ ಕುಡಿದರು; ತಪ್ಪು ಸಿಗಲಿಲ್ಲ, ಕಾವಾ ಮುಗಿಯಿತು.

ಮೊದಮೊದಲು ಅವಳೇ ಹುಣ್ಣು ತೊಳೆದು ಕಟ್ಟುತ್ತಿದ್ದಳು. ಆಮೇಲೆ ಬಟ್ಟೆಪಟ್ಟಿಯನ್ನು ಪರದೆಯಾಚೆ ಎಸೆದು, "ಇವತ್ತು ಅವನೇ ಕಟ್ಕೊಳ್ಲಿ," ಎಂದಳು.

"ಕಾಲು ಅವಳದ್ದು, ಕೆಲ್ಸ ನಂದಾ?"

"ತೋಟ ನಂದಾದ್ರೆ ನಾನೇ ಅಗೀಬೇಕಾ? ಹೇಳಜ್ಜ ಅವನಿಗೆ."

ಮೊದಲ ಸಲ ಲಾತು ಕಟ್ಟಿದ ಪಟ್ಟಿ ಬಾಳೆಗೊನೆಗೆ ಸುತ್ತಿದ ಹಾಗಿತ್ತು. ಬಿಚ್ಚಿಸಿದಳು. ಮತ್ತೆ ಕಟ್ಟಿಸಿದಳು.

ಹುಣ್ಣು ಆರತೊಡಗಿದ ಮೇಲೆ ಒಂದು ಭಾನುವಾರ ಲಾತು ಚರ್ಚಿಗೆ ಬಂದ. ಬಲಗಾಲಿಗೆ ಕರಿ ಬೂಟು, ಎಡಗಾಲಿಗೆ ಅಗಲವಾದ ಚಪ್ಪಲಿ, ಕಂಕುಳಲ್ಲಿ ಕುರ್ಚಿ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿದರು.

"ಲಾತು, ದೇವರ ಮನೇಲಿ ಇದೇನು ವೇಷ?"

"ಬಲಗಾಲು ನಂದು ಪಾದ್ರಿಗಳೇ, ಬೂಟು ಹಾಕಿದೀನಿ."

"ಎಡಗಾಲು ಅಕ್ಕಂದು ಅಂತೀಯಾ? ಅವಳು ಹೇಳಿದ್ಲೂಂತ ಹಿಂಗೆ ಬಂದ್ಯಾ?"

ಲಾತು ಕುರ್ಚಿಯನ್ನು ಕೆಳಗಿಟ್ಟ. "ಅವಳು ಹೇಳಿದ್ದು ಹೌದು. ಆದ್ರೆ ದಿನಾ ನೋಡೋನು ನಾನು. ಹುಣ್ಣು ಅಂಗಿ ಗುಂಡಿಯಷ್ಟಿತ್ತು, ಇವತ್ತು ಬೆಳಿಗ್ಗೆ ಪಪಾಯ ಬೀಜದಷ್ಟಿದೆ. ಬೂಟು ಹಾಕಿದ್ರೆ ಮತ್ತೆ ಗುಂಡಿ ಆಗುತ್ತೆ. ನಿಂತ್ರೂ ಆಗುತ್ತೆ. ನಾನು ಕೂತು ಹಾಡಿಸ್ತೀನಿ."

"ಹಾಗಾದ್ರೆ ನಾನೇ ಹಾಡಿಸ್ತೀನಿ," ಎಂದು ಪಾದ್ರಿಗಳು ಕೈಯೆತ್ತಿ ಸ್ತೋತ್ರ ಎತ್ತಿಕೊಂಡರು.

ಮೊದಲ ಸಾಲನ್ನು ಅವರೊಬ್ಬರೇ ಹಾಡಿದರು. ಎರಡನೆಯದನ್ನೂ ಅವರೊಬ್ಬರೇ ಹಾಡಿದರು. ಅದು ಸ್ವಲ್ಪ ಎತ್ತರದ ಸ್ವರ, ಅವರಿಗೆ ನಿಲುಕಲಿಲ್ಲ. ನಾವು ನಲವತ್ತು ಮಂದಿ ತುಟಿ ಬಿಗಿದು ಚಾವಣಿ ನೋಡುತ್ತಿದ್ದೆವು. ಹೆಂಗಸರ ಕಡೆ ಅಕೊಸಿತಾ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

ಲಾತು ಕುರ್ಚಿಯನ್ನು ನಮ್ಮೆದುರಿಗೆ ಎಳೆದುಕೊಂಡು ಕೂತ. ಎಡಗಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿ ಇಟ್ಟುಕೊಂಡು ಕೈಯೆತ್ತಿದ. ನಾವು ಮೊದಲಿನಿಂದ ಶುರುಮಾಡಿದೆವು.