ಮುಷ್ಕರದ ದಿನ ಹಾರಿದವಳು

ವೇಣಿಯ ಹೆಗಲಿಗೆ ಕ್ಯಾಪ್ಟನ್ ದರ್ಜೆಯ ನಾಲ್ಕನೆಯ ಪಟ್ಟಿ ಬಂದು ಏಳು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಜೊತೆಯ ಪೈಲಟ್‌ಗಳಲ್ಲಿ ಒಬ್ಬರೂ ಅವಳಿಗೆ ಒಂದು ಶುಭಾಶಯ ಹೇಳಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಕಂಪನಿ ವಿಶ್ರಾಂತಿಯ ಗಂಟೆಗಳನ್ನು ಕಡಿತ ಮಾಡಿದಾಗ ಪೈಲಟ್‌ಗಳು ಹನ್ನೊಂದು ದಿನ ಮುಷ್ಕರ ಹೂಡಿದ್ದರು. ಮುಷ್ಕರ ಆಗಲೇಬೇಕು ಎಂದು ಸಭೆಯಲ್ಲಿ ಕೈಯೆತ್ತಿದವರಲ್ಲಿ ವೇಣಿಯೂ ಇದ್ದಳು. ಕೈಯೆತ್ತಿದ್ದಷ್ಟೇ ಅಲ್ಲ, ಎದ್ದು ನಿಂತು, ಪಟ್ನಾದಿಂದ ಬರುವಾಗ ತಾನೂ ಪಕ್ಕದ ಪೈಲಟ್ಟೂ ಒಂದೇ ಹೊತ್ತಿಗೆ ತೂಕಡಿಸಿದ್ದನ್ನು ಬಾಯಿಬಿಟ್ಟು ಹೇಳಿದ್ದಳು.

ಮರುವಾರ ಮುಷ್ಕರ ಶುರುವಾದ ದಿನವೇ ತರಬೇತಿ ವಿಭಾಗದಿಂದ ಫೋನು ಬಂತು. ಈ ವಾರ ಹಾರಿದರೆ ಕ್ಯಾಪ್ಟನ್ ಪರೀಕ್ಷೆಗೆ ಅವಳ ಹೆಸರು ಮೊದಲು. ಹಾರದಿದ್ದರೆ ಯಾವಾಗ ಅಂತ ಹೇಳೋಕಾಗಲ್ಲ, ಅಂದರು. ಅದಕ್ಕಾಗಿ ಅವಳು ಒಂಬತ್ತು ವರ್ಷ ಕಾದಿದ್ದಳು. ಕಾಡುಗೋಡಿಯ ಮನೆಯಲ್ಲಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುವಾಗಲೂ ಹೋಗುವುದಿಲ್ಲ ಎಂದೇ ಅಂದುಕೊಂಡಿದ್ದಳು. ಕ್ಯಾಬು ಬಂದು ಹಾರ್ನ್ ಮಾಡಿತು. ಹತ್ತಿ ಕೂತಳು.

ವಿಮಾನ ನಿಲ್ದಾಣದ ಗೇಟಿನ ಬಳಿ ಮುಷ್ಕರದವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಎಲ್ಲರಿಗಿಂತ ಮುಂದೆ ಅಂಜನ್. ಜಕ್ಕೂರಿನಲ್ಲಿ ಇಬ್ಬರೂ ಒಂದೇ ಸಣ್ಣ ವಿಮಾನದಲ್ಲಿ ಹಾರುವುದನ್ನು ಕಲಿತವರು, ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ಹಂಚಿಕೊಂಡವರು. ಕ್ಯಾಬು ನಿಧಾನವಾದಾಗ ಅವನು ಕಿಟಕಿಯ ಗಾಜಿನ ಮೇಲೆ ಅಂಗೈ ಇಟ್ಟ.

"ವೇಣಿ, ಇಳಿ ಕಣೇ. ನೀನೂ ಹೋಗ್ಬೇಡ."

ಅವಳು ಮೊಬೈಲು ನೋಡುತ್ತಾ ಕುಳಿತಳು. ಗೇಟು ತೆರೆಯಿತು.

ಆಮೇಲೆ ಮುಷ್ಕರ ಅರ್ಧಂಬರ್ಧ ರಾಜಿಯಲ್ಲಿ ಮುಗಿಯಿತು. ಎಲ್ಲರೂ ಕೆಲಸಕ್ಕೆ ಮರಳಿದರು; ಅಂಜನ್ ಒಬ್ಬನನ್ನು ಮಾತ್ರ ಕಂಪನಿ ಅಮಾನತಿನಲ್ಲಿಟ್ಟಿತು.

ವೇಣಿಯ ಜೊತೆ ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಲಕ್ನೋದ ಹೋಟೆಲಿನಲ್ಲಿ ಒಂದು ಬೆಳಗ್ಗೆ ಅವಳು ಇಡ್ಲಿ ತಟ್ಟೆ ಹಿಡಿದು ಮೇಜಿನ ಹತ್ತಿರ ಹೋದಾಗ, ಅಲ್ಲಿದ್ದ ಮೂವರೂ ತಿಂಡಿ ಅರ್ಧಕ್ಕೆ ಬಿಟ್ಟು ಎದ್ದರು. ಕಾಕ್‌ಪಿಟ್ಟಿನಲ್ಲಿ ಪಕ್ಕ ಕೂರುವ ಬಾಲಾಜಿ, ಅವಳಿಗಿಂತ ಆರು ವರ್ಷ ಚಿಕ್ಕವನು, ನಿಯಮದ ಪ್ರಕಾರ ಹೇಳಲೇಬೇಕಾದ್ದನ್ನಷ್ಟೇ ಹೇಳುತ್ತಿದ್ದ. ಒಂದು ಸಂಜೆ ಮೋಡದ ಅಂಚಿಗೆ ಕೆಂಪು ಹತ್ತಿಕೊಂಡು, ನೋಡಲು ಎರಡು ಕಣ್ಣು ಸಾಲದ ಹಾಗಿತ್ತು. "ನೋಡು ಬಾಲಾಜಿ, ಹೆಂಗಿದೆ!" ಎಂದಳು, ತಡೆಯಲಾರದೆ. ಅವನು ಇಂಧನದ ಅಂಕಿ ಓದಿ ಹೇಳಿದ.

ಅವಳೊಡನೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದವನು ಕ್ಯಾಬಿನ ಡ್ರೈವರ್ ಮುನಿಯಣ್ಣ ಒಬ್ಬನೇ; ಮುಷ್ಕರದ ದಿನ ಅವಳನ್ನು ಗೇಟು ದಾಟಿಸಿದವನೂ ಅವನೇ. ಬೂದಿಗೆರೆ ದಾಟುತ್ತಿದ್ದಾಗ ಒಂದು ದಿನ ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ.

"ಮೇಡಂ, ಅಂಜನ್ ಸಾರ್ ಅವತ್ತು ಗಾಜು ಗುದ್ದಿದ್ರಾ? ನನಗಂತೂ ಕಾಣ್ಲಿಲ್ಲ."

"ಇಲ್ವಲ್ಲ. ಯಾಕೆ ಮುನಿಯಣ್ಣ?"

"ಗುದ್ದಿದ್ರು, ಮೇಡಂಗೆ ಬೆದರಿಕೆ ಹಾಕಿದ್ರು ಅಂತ ಆಫೀಸಲ್ಲಿ ನನ್ ಕೈಲಿ ಸೈನ್ ಹಾಕಿಸ್ಕೊಂಡ್ರು. ನಿಮ್ಮದೂ ಇದೆ ಅಂದ್ರು."

ವೇಣಿಗೆ ನೆನಪಾಯಿತು. ಪರೀಕ್ಷೆಯ ಹಿಂದಿನ ದಿನ ಒಂದಷ್ಟು ಕಾಗದಗಳಿಗೆ ಸಹಿ ಹಾಕಿದ್ದಳು. ಒಂದನ್ನೂ ಓದಿರಲಿಲ್ಲ.

ಆ ಭಾನುವಾರ ಅಡುಗೆಮನೆಯಲ್ಲಿ ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು, ಅಂಜನ್ ಮೇಲಿನ ವಿಚಾರಣೆಗೆ ಕಂಪನಿ ತನ್ನನ್ನು ಸಾಕ್ಷಿಯಾಗಿ ಕರೆದಿರುವುದನ್ನೂ. ರಾಮಮ್ಮ ಮದುವೆಗೆ ಮುಂಚಿನಿಂದಲೂ ವೈಟ್‌ಫೀಲ್ಡಿನ ಬಲ್ಬ್ ಫ್ಯಾಕ್ಟರಿಯೊಂದರಲ್ಲಿ ದುಡಿದವಳು. ಅವರೆಕಾಯಿ ಸುಲಿಯುತ್ತಲೇ ಕೇಳಿಸಿಕೊಂಡಳು.

"ನಮ್ಮ ಫ್ಯಾಕ್ಟ್ರೀಲೂ ಸ್ಟ್ರೈಕ್ ಆಗಿತ್ತು. ಪುಟ್ಟತಾಯಿ ಅನ್ನೋಳು ಒಬ್ಬಳೇ ಒಳಕ್ಕೋದ್ಲು. ಆಮೇಲೆ ಅನ್ನೆರಡು ವರ್ಸ ನಾವ್ಯಾರೂ ಅವಳ ಪಕ್ಕ ಕುಂತು ಉಣ್ಣಲಿಲ್ಲ. ಅವಳ ಕೂಸು ತೀರೋದಾಗ ಓಗಿದ್ವಿ. ಬಾಗಿಲಾಗೇ ನಿಂತಿದ್ದು ಬಂದ್ವಿ."

"ತಪ್ಪು ಅನ್ನಿಸ್ಲಿಲ್ವಾ ಅಮ್ಮ?"

"ಈಗ ಅನ್ನುಸ್ತದೆ. ಆಗ ಅನ್ನುಸ್ನಿಲ್ಲ. ನೀನು ಅಲ್ಲಿಗೋಗಿ ನಿಜ ಯೋಳಿದ್ರೆ ನಿನ್ ಜೊತೆಯೋರು ಮಾತಾಡುಸ್ತಾರೆ ಅಂತ ತಿಳ್ಕಾಬ್ಯಾಡ. ಅದುಕ್ಕೋಸ್ಕರ ಓಗಂಗಿದ್ರೆ ಓಗ್ಲೇಬ್ಯಾಡ."

ವಿಚಾರಣೆ ನಡೆದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದ ಕಂಪನಿಯ ತರಬೇತಿ ಕಟ್ಟಡದಲ್ಲಿ. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು. ಮೇಜಿನ ಆ ಕಡೆ ಅಂಜನ್ ಕೂತಿದ್ದ; ಸೊರಗಿದ್ದ, ಗಡ್ಡ ಬಿಟ್ಟಿದ್ದ. ಕಂಪನಿಯ ವಕೀಲರು ಅವಳ ಹೇಳಿಕೆಯನ್ನು ಓದಿ, "ಇದು ನಿಮ್ಮದೇ ಸಹಿ ಅಲ್ವಾ ಕ್ಯಾಪ್ಟನ್?" ಎಂದರು.

"ಸಹಿ ನನ್ನದೇ ಸಾರ್. ಆದರೆ ಅದರಲ್ಲಿ ಬರೆದಿರೋದು ನಡೆದಿಲ್ಲ. ಅವರು ಗಾಜಿನ ಮೇಲೆ ಬರೀ ಕೈ ಇಟ್ಟರು. ಇಳಿ ಅಂತ ಕೇಳ್ಕೊಂಡ್ರು. ನಾನು ಇಳೀಲಿಲ್ಲ."

"ಹೇಳಿಕೆ ಬದಲಾಯಿಸಿದರೆ ನಿಮ್ಮ ಮೇಲೂ ಕ್ರಮ ಆಗಬಹುದು."

"ಆಗಲಿ. ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಅದನ್ನೂ ಬರ್ಕೊಳ್ಳಿ."

ಅವಳ ನಂತರ ಮುನಿಯಣ್ಣನನ್ನು ಕರೆದರು. "ಮೇಡಂ ಹೇಳಿದ್ದೇ ನಿಜ ಸಾರ್," ಅಂದ. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಬೆದರಿಕೆಯ ಆರೋಪ ನಿಲ್ಲುವುದಿಲ್ಲ, ಅಮಾನತು ರದ್ದುಪಡಿಸಬೇಕು ಎಂದು ಅಧಿಕಾರಿಗಳು ಅಲ್ಲೇ ಬರೆಸಿದರು.

ಲಿಫ್ಟಿನ ಮುಂದೆ ಅಂಜನ್ ಎದುರಾದ. ಇಬ್ಬರೂ ಒಂದೇ ಗುಂಡಿಗೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು.

"ಥ್ಯಾಂಕ್ಸ್ ಹೇಳೋಕೆ ಬಾಯಿ ಬರ್ತಿಲ್ಲ ವೇಣಿ," ಎಂದ ಅವನು, ಸಿಟ್ಟಿಲ್ಲದೆ.

"ಬೇಡ ಕಣೋ. ವಾಪಸ್ ಬರ್ತೀಯಾ?"

"ಇಲ್ಲ. ಹೈದರಾಬಾದಲ್ಲಿ ಬೇರೆ ಕಡೆ ಆಗಿದೆ. ಮುಂದಿನ ವಾರ ಹೊರಟೆ." ಲಿಫ್ಟಿನ ಗುಂಡಿ ಒತ್ತಿದ. "ಬೇರೆ ಯಾರೇ ಆ ಗೇಟು ದಾಟಿದ್ರೂ ಮರ್ತುಬಿಡ್ತಿದ್ದೆ. ಪಟ್ನಾ ವಿಷಯ ಹೇಳಿದೋಳು ನೀನು. ಅದನ್ನ ಕೇಳಿಯೇ ನಾನು ಮುಂದೆ ಬಂದು ನಿಂತಿದ್ದು."

ಲಿಫ್ಟು ಬಂತು. ಅವನು ಹತ್ತಿದ. ಅವಳು ಮೆಟ್ಟಿಲಿಳಿದು ಹೋದಳು, ಐದು ಮಹಡಿ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆಯಾಚೆಯ ಟೀ ಅಂಗಡಿಯ ಮುಂದೆ ಅಂಜನ್‌ಗಾಗಿ ಬಂದಿದ್ದ ಏಳೆಂಟು ಪೈಲಟ್‌ಗಳು ಬೆಂಚುಗಳಲ್ಲಿ ಕೂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಅವಳನ್ನು ಕಂಡು ನಗು ತಗ್ಗಿತು. ಬಾಲಾಜಿ ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ಲೋಟಕ್ಕೆ ಕಣ್ಣಿಳಿಸಿದ.

ಅವಳ ಕಾರು ಎಡಗಡೆಗಿತ್ತು. ವೇಣಿ ಕಾರಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದಳು, ನಿಂತಳು, ತಿರುಗಿ ರಸ್ತೆ ದಾಟಿದಳು.

"ಅವರ ಜೊತೆನಾ ಮೇಡಂ?" ಅಂಗಡಿಯವನು ಕೇಳಿದ.

"ಇಲ್ಲಪ್ಪ. ನಾನೊಬ್ಬಳೇ. ಒಂದು ಟೀ ಕೊಡು."

ಹೊಂಗೆ ಮರದ ನೆರಳಿನ ಈ ತುದಿಯಲ್ಲಿ ಅವಳು ನಿಂತಳು, ಆ ತುದಿಯ ಬೆಂಚುಗಳಲ್ಲಿ ಅವರು. ಯಾರೂ ಕರೆಯಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಟೀ ತುಂಬ ಬಿಸಿಯಾಗಿತ್ತು. ಅವಸರ ಮಾಡದೆ, ಕೊನೆಯ ಗುಟುಕಿನವರೆಗೂ ಅಲ್ಲಿಯೇ ನಿಂತು ಕುಡಿದಳು.