ಕಣ್ಣಿನ ಗಾಡಿಯ ದೀಪ

ಮುಂಡಗೋಡದ ಅಂಚಿನಲ್ಲಿದ್ದ ಅಕ್ಕಿ ಗಿರಣಿಯ ಬಯಲಿಗೆ ಆ ಟ್ರೇಲರನ್ನು ಒಂದು ಜೀಪು ಎಳೆದು ತಂದು ನಿಲ್ಲಿಸಿತ್ತು. ತಗಡಿನ ಮೈಯ, ಎರಡು ಚಕ್ರದ ಸಣ್ಣ ಮನೆಯಂಥದು. ಒಳಗೆ ಒಂದು ಮಂಚ, ಅದರ ಮೇಲೆ ತೂಗುಬಿದ್ದ ದೊಡ್ಡ ದೀಪ. ಕಣ್ಣಿನ ಪೊರೆ ತೆಗೆಯುವ ಡಾಕ್ಟರು ಅದರಲ್ಲಿ ಊರೂರು ತಿರುಗುತ್ತಿದ್ದರು. ಜನ ಅದನ್ನು ಕಣ್ಣಿನ ಗಾಡಿ ಎಂದೇ ಕರೆದರು. ಧೂಳು ಬರಬಾರದೆಂದು ಕಿಟಕಿ ಮುಚ್ಚಿಯೇ ಕೆಲಸ ಮಾಡುತ್ತಿದ್ದುದರಿಂದ ಹಾಡಹಗಲಲ್ಲೂ ದೀಪ ಬೇಕಾಗುತ್ತಿತ್ತು.

ಬಂದಾಗಿನಿಂದ ಆ ದೀಪದ್ದೇ ಕಾಟ. ಬೆಳಿಗ್ಗೆ ಉರಿಯುತ್ತಿದ್ದುದು ಇದ್ದಕ್ಕಿದ್ದಂತೆ ಆರುವುದು. ಬಿಸಿಲೇರುವ ಹೊತ್ತಿಗೆ ಯಾರೂ ಮುಟ್ಟದೆ ತಾನೇ ಹೊತ್ತಿಕೊಳ್ಳುವುದು.

"ಕಣ್ಣಾಗ ಕತ್ತರಿ ಇದ್ದಾಗ ಇದು ಹೋತಂದ್ರ ಆ ಕಣ್ಣು ಹೋತಂತ ತಿಳೀರಿ" ಎಂದರು ಡಾಕ್ಟರು. "ಇವತ್ತು ಸರಿ ಆಗಲಿಲ್ಲಂದ್ರ ನಾವು ಹಳಿಯಾಳಕ್ಕ ಹೊಂಟ್ವಿ."

ಆ ಮಾತು ಬೇಲಿಯಾಚೆ ನಿಂತಿದ್ದ ಮಹಾದೇವಕ್ಕನ ಕಿವಿಗೆ ಬಿತ್ತು. ಆಕೆಯ ಗಂಡ ಬಸಲಿಂಗಯ್ಯನವರ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದದ್ದಕ್ಕೂ ಪೊರೆ ಕವಿದು, ಈಗ ಹೆಂಡತಿಯ ಮುಖವನ್ನೂ ದನಿಯಿಂದಲೇ ಗುರುತಿಸುತ್ತಿದ್ದರು. ಇವತ್ತು ಮೊದಲ ಸರದಿ ಅವರದೇ.

ದಾಂಡೇಲಿಯಿಂದ ಗಾಡಿಯ ಜೊತೆ ಬಂದಿದ್ದ ಮಿಸ್ತ್ರಿ ಮಜೀದ ಬೆಳಿಗ್ಗೆಯಿಂದ ಫ್ಯೂಜು, ಪ್ಲಗ್ಗು, ಸ್ವಿಚ್ಚು ಎಲ್ಲ ಬಿಚ್ಚಿ ನೋಡಿದ್ದ. ತಪ್ಪು ಸಿಗಲಿಲ್ಲ. ಕಂಪೌಂಡರ್ ನಾಗಲಿಂಗಪ್ಪ ಬಾಗಿಲಲ್ಲಿ ನಿಂತು ಕೆಣಕಿದ.

"ನಿನ್ನ ಕರೆಂಟು ಮನಿ ಅಳಿಯಾ ಆಗೇತಲ್ಲೋ ಮಜೀದಾ. ಬರತೈತಿ, ಉಣ್ಣತೈತಿ, ಹೇಳದಽ ಎದ್ದು ಹೋಗತೈತಿ."

"ಅಳಿಯಾ ಎಲ್ಲಿಗೆ ಹೋಗತಾನಂತ ಹಾದಿ ಹಿಡದು ನೋಡಿ ಬರ್ತೇನಿ ತಡೀರಿ" ಎಂದು ಮಜೀದ ಏಣಿ ಹೊತ್ತು ಹೊರಟ.

ಗಿರಣಿಯಿಂದ ಗಾಡಿಗೆ ಎಳೆದ ವೈರು ಬಸಲಿಂಗಯ್ಯನವರ ಹಿತ್ತಲ ಮೇಲೆ ಹಾದುಹೋಗಿತ್ತು. ಹಿತ್ತಲ ನಡುವೆ ಒಂದು ಕಂಬ. ವೈರು ಸಾಲದೆ ಬಂದದ್ದರಿಂದ ಆ ಕಂಬದ ಮೇಲೆ ಇನ್ನೊಂದು ತುಂಡನ್ನು ಜೋಡಿಸಿ ಪಟ್ಟಿ ಸುತ್ತಿದ್ದರು. ಅದೇ ಕಂಬದಿಂದ ಮನೆಯ ಸೂರಿಗೆ ಕಬ್ಬಿಣದ ತಂತಿಯೊಂದನ್ನು ಬಿಗಿದಿದ್ದರು. ಅದು ಮಹಾದೇವಕ್ಕನ ಮಡಿ ತಂತಿ. ಪೂಜೆಯ ಸೀರೆ ಒಣಗುವುದು ಅದರ ಮೇಲೆಯೇ. ಸ್ವಂತ ಸೊಸೆಯೂ ಅದನ್ನು ಮುಟ್ಟುವಂತಿರಲಿಲ್ಲ. ಮಹಾದೇವಕ್ಕನಾದರೂ ಬಿದಿರಿನ ಕೋಲಿನಿಂದ ಸೀರೆಯನ್ನು ಎತ್ತಿ ಹಾಕುತ್ತಿದ್ದಳು.

ಮಜೀದ ಕಂಬಕ್ಕೆ ಏಣಿ ಆನಿಸುತ್ತಿದ್ದಂತೆ ಆಕೆ ಓಡಿ ಬಂದಳು.

"ಬ್ಯಾಡೋ ತಮ್ಮಾ, ಅಲ್ಲಿ ಹತ್ತಬ್ಯಾಡ. ಮಡಿ ತಂತಿ ಐತಿ. ಇವರ ಕಣ್ಣಿನ ಸಲುವಾಗಿ ನೇಮಾ ಹಿಡದೇನಿ."

ಮಜೀದ ತಟ್ಟನೆ ಏಣಿ ಹಿಂದೆಗೆದ. "ಆತ್ರಿ ಅಕ್ಕಾರ. ನಮ್ಮವ್ವನೂ ನಮಾಜಿನ ಚಾಪಿ ಹತ್ರ ಯಾರನ್ನೂ ಬಿಡೂದಿಲ್ಲ. ಕೆಳಗಿಂದಽ ನೋಡತೇನಿ."

ಕತ್ತು ಎತ್ತಿ ನೋಡಿದ. ವೈರು ಕೂಡಿಸಿದ ಜೋಡು ಸರಿಯಾಗಿಯೇ ಕಂಡಿತು. ವೈರು ಮಾತ್ರ ಜೋತುಬಿದ್ದಿತ್ತು. ಗಿರಣಿಯ ಕಡೆಗೆ ಹೋಗಿ ಅದನ್ನು ಜಗ್ಗಿ ಬಿಗಿಯಾಗಿ ಕಟ್ಟಿದ. ಗಾಡಿಯೊಳಗೆ ದೀಪ ಬೆಳಗಿತು. ಡಾಕ್ಟರು ವೈರನ್ನು ಅಲುಗಿಸಿ ನೋಡಿದರು, ಕಾದು ನೋಡಿದರು. ಮಿಣುಕಲಿಲ್ಲ. ಬಸಲಿಂಗಯ್ಯನವರನ್ನು ಕೈಹಿಡಿದು ಒಳಗೆ ಕರೆದುಕೊಂಡರು. ಬಾಗಿಲು ಮುಚ್ಚಿತು.

ಮಹಾದೇವಕ್ಕ ಮತ್ತೊಮ್ಮೆ ಮಿಂದು, ಉಟ್ಟ ಸೀರೆ ಹಿಂಡಿ, ಕಂಬದ ಬಳಿ ಬಂದಳು. ಗಿರಣಿಯ ಗೋಡೆಗೆ ಒರಗಿ ಬೀಡಿ ಹಚ್ಚಿದ್ದ ಮಜೀದ ಸುಮ್ಮನೆ ಅತ್ತ ನೋಡಿದ. ಆಕೆ ಕೋಲಿನಿಂದ ಸೀರೆ ಎತ್ತಿ ತಂತಿಯ ಮೇಲೆ ಚೆಲ್ಲಿದಳು. ನೀರುಂಡ ಸೀರೆಯ ಭಾರಕ್ಕೆ ಕಂಬ ಮನೆಯತ್ತ ತುಸು ವಾಲಿತು.

ಮಜೀದನ ಕೈಯ ಬೀಡಿ ಜಾರಿತು. ದಿನಾ ಬೆಳಿಗ್ಗೆ ಕಂಬ ಹೀಗೆ ವಾಲಿದಾಗಲೇ ಜೋಡು ಬಿಡುತ್ತಿತ್ತು! ಸೀರೆ ಒಣಗಿ ಹಗುರಾದಾಗ ಕೂಡುತ್ತಿತ್ತು. ಹಾಗಾದರೆ ಈಗ ಗಾಡಿಯ ಬಾಗಿಲ ಸಂದಿಯ ಬೆಳಕು ಯಾಕೆ ಆರಲಿಲ್ಲ? ಕಣ್ಣು ಕಿರಿದು ಮಾಡಿ ನೋಡಿದ. ತಾನು ಜಗ್ಗಿದ ಜಗ್ಗಿಗೆ ಜೋಡಿನ ಪಟ್ಟಿ ಸರಿದು, ಎರಡೂ ತುಂಡಿನ ಬರಿ ತಾಮ್ರ ಮಡಿ ತಂತಿಗೆ ಒತ್ತಿಕೊಂಡು, ಕರೆಂಟು ಆ ತಂತಿಯಿಂದಲೇ ಹಾಯುತ್ತಿತ್ತು.

"ಅಕ್ಕಾರ, ಮುಟ್ಟಬ್ಯಾಡ್ರಿ!"

ಕೋಲನ್ನು ನೆಲಕ್ಕೆ ಹಾಕಿ, ಸೀರೆಯ ಸುಕ್ಕು ಬಿಡಿಸಲು ಆಕೆ ಆಗಲೇ ಅಂಚು ಹಿಡಿದಿದ್ದಳು. ಕೂಗಲಿಲ್ಲ. ಬಾಯಿ ತೆರೆದೇ ಉಳಿಯಿತು. ಬೆರಳುಗಳು ಅಂಚನ್ನು ಬಿಡಲಿಲ್ಲ.

ಮಜೀದ ಗಿರಣಿಯ ಸ್ವಿಚ್ಚಿನ ಕಡೆಗೆ ಹಾರಿದ. ಹಾರಿದವನು ಅರ್ಧಕ್ಕೇ ನಿಂತ. ಗಾಡಿಯೊಳಗೆ ಅಯ್ಯನವರ ಕಣ್ಣಲ್ಲಿ ಕತ್ತರಿ ಇದೆ, ಸ್ವಿಚ್ಚು ಕೆಡವಿದರೆ ದೀಪವೂ ಆರುತ್ತದೆ. ತಿರುಗಿ ಓಡಿದ. ಬಿದ್ದಿದ್ದ ಕೋಲನ್ನು ಕೈಗೆತ್ತಿಕೊಂಡು ಸೀರೆಯನ್ನು ತಂತಿಯಿಂದಾಚೆ ಎತ್ತಿ ಒಗೆದ. ಸೀರೆಯೊಂದಿಗೇ ಮಹಾದೇವಕ್ಕ ನೆಲಕ್ಕುರುಳಿದಳು.

ಬಹಳ ಹೊತ್ತಿನ ಮೇಲೆ ಆಕೆಯ ತುಟಿ ಅಲುಗಿತು. "ದೀಪ ಐತೇನೋ?"

ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತಿತ್ತು. "ಐತ್ರಿ ಅಕ್ಕಾರ."

ಆಕೆ ತಂತಿಯನ್ನು ನೋಡಿದಳು, ಕಂಬವನ್ನು ನೋಡಿದಳು. "ಇಷ್ಟ ದಿವಸ ಅದನ್ನ ಆರಸಾಕಿ ನಾನಽ ಏನು?"

"ನಿಮ್ಮ ಸೀರಿ ಭಾರಕ್ಕ ಆರತಿತ್ರಿ. ಆದ್ರ ಮ್ಯಾಲೆ ಹತ್ತಿ ನೋಡದಽ ವೈರು ಜಗ್ಗಿದಾಂವ ನಾನು."

"ಹತ್ತಬ್ಯಾಡ ಅಂದಾಕಿ ಯಾರು?" ಎಂದಳು ಆಕೆ. "ದೇವರಿಗೆ ಬೇಡಕೊಂಡಿದ್ದಽ ಇವರ ಕಣ್ಣಿಗೆ ಮುಳುವಾಗತಿತ್ತಲ್ಲೋ ತಮ್ಮಾ."

ತಂತಿಯಲ್ಲಿ ಕರೆಂಟು ಹಾಗೇ ಇತ್ತು, ಆರಿಸುವಂತಿರಲಿಲ್ಲ. ಹಿತ್ತಲ ಬಾಗಿಲಿಗೆ ಬಂದ ಸೊಸೆಯನ್ನು ಮಜೀದ ಗದರಿ ಒಳಗಟ್ಟಿದ. ಇಬ್ಬರೂ ಆ ಬೆಳಕಿನ ಗೆರೆಯನ್ನೇ ನೋಡುತ್ತ ಕಾದರು.

ಬಾಗಿಲು ತೆರೆಯಿತು. "ಮುಗೀತ್ರಿ, ಛಲೋ ಆತು" ಎಂದರು ಡಾಕ್ಟರು. ಮಾತು ಮುಗಿಯುವ ಮೊದಲೇ ಮಜೀದ ಓಡಿ ಗಿರಣಿಯ ಸ್ವಿಚ್ಚು ಕೆಡವಿದ.

ಕಣ್ಣಿಗೆ ಪಟ್ಟಿ ಕಟ್ಟಿದ್ದ ಬಸಲಿಂಗಯ್ಯನವರನ್ನು ನಾಗಲಿಂಗಪ್ಪ ಮೆಲ್ಲಗೆ ಕೆಳಗಿಳಿಸಿದ. ಮಹಾದೇವಕ್ಕ ಹೋಗಿ ಅವರ ಕೈ ಹಿಡಿದಳು.

"ಯಾಕ, ನಿನ್ನ ಕೈ ಹಿಂಗ್ಯಾಕ ನಡಗಾಕತ್ತೇತಿ?"

"ಅಂಜಿದ್ದೆರಿ."

"ಹುಚ್ಚೀ, ಕತ್ತರಿ ಆಡಿದ್ದು ನನ್ನ ಕಣ್ಣಾಗ" ಎಂದು ಅವರು ನಕ್ಕು ಆಕೆಯ ಅಂಗೈಯನ್ನು ಒತ್ತಿದರು. ಆಕೆ ಉಸಿರೆಳೆದುಕೊಂಡು, ಸುಟ್ಟಿದ್ದ ಆ ಕೈಯನ್ನು ಬಿಡಿಸಿಕೊಂಡು ಇನ್ನೊಂದು ಕೈ ಕೊಟ್ಟಳು.