ಸುಗರಾ ಬಿಟ್ಟುಹೋದ ಗುಲಾಬಿ

ಗುಲಾಬಿ ಅವತ್ತೂ ಎರೆಹುಳ ಉಗುಳಿತು. ಶಿವಕಾಂತಾಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು, ಬೆಳಗಾಗುತ್ತಲೇ ಬಚ್ಚಲ ಮೋರಿಯ ಹಸಿಮಣ್ಣು ಕೆದರಿ, ಮುಖ ಅತ್ತ ತಿರುಗಿಸಿಕೊಂಡು ಆ ಹುಳ ಹಿಡಿದಿದ್ದಳು. ಅದಕ್ಕಾಗಿ ಅತ್ತೆ ಗುರಮ್ಮನ ಕೈಲಿ ಬೈಸಿಕೊಂಡು, ಎರಡನೇ ಸಲ ಮೈ ತೊಳೆದುಕೊಂಡು ಬಂದಿದ್ದಳು. ಇದು ನೋಡಿದರೆ ಬಾಯಿಗೆ ಹಾಕಿಕೊಂಡಂತೆ ಮಾಡಿ ಉಗುಳಿಬಿಟ್ಟಿತು.

ಗುಲಾಬಿ ಗೇಣುದ್ದದ ಬಿಳಿ ಪ್ರಾಣಿ. ಮೀನಿನಂಥ ಬಾಲ, ನಾಲ್ಕು ಪುಟ್ಟ ಕಾಲು, ಕುತ್ತಿಗೆಯ ಎರಡೂ ಬದಿಗೆ ಗರಿ ಬಿಚ್ಚಿದಂತೆ ನಿಲ್ಲುವ ಕೆಂಪು ಕಿವಿರು. ಆಕ್ಸೊಲಾಟ್ಲ್ ಎಂಬ ಅದರ ಹೆಸರು ಬೀದರಿನಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಪಕ್ಕದ ಮನೆಯ ಸುಗರಾಳ ಮೈದುನ ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ವಿಲಾಯತಿಯಿಂದ ಬಂದ ಜೋಡಿಯ ಮರಿಯೊಂದನ್ನು ಅವನೇ ಅತ್ತಿಗೆಗೆ ತಂದುಕೊಟ್ಟಿದ್ದ.

ಪೊಲೀಸ್ ಆಕ್ಷನ್ ಆಗಿ, ಭಾರತದ ಸೈನ್ಯ ನಿಜಾಮನ ರಾಜ್ಯ ಹಿಡಿದ ಮೇಲೆ ಓಣಿಯಲ್ಲಿ ಎಷ್ಟೋ ಮುಸಲ್ಮಾನರ ಮನೆಗಳಿಗೆ ಕೀಲಿ ಬಿದ್ದವು. ಸುಗರಾಳ ಗಂಡ ಅಬ್ದುಲ ಖಾದರನೂ ಹೆದರಿ, ಸಂಸಾರ ಕಟ್ಟಿಕೊಂಡು ಹೈದರಾಬಾದಿನ ದಾರಿ ಹಿಡಿದ. ಹೊರಡುವ ಮುಂಜಾನೆ, ಶಿವಕಾಂತಾಳನ್ನು ಅಕ್ಕನೆಂದೇ ಕರೆಯುತ್ತಿದ್ದ ಸುಗರಾ ಗಾಜಿನ ತೊಟ್ಟಿಯನ್ನು ಎತ್ತಿಕೊಂಡು ಬಂದಿದ್ದಳು.

"ಆಪಾ, ಇದಕ್ಕ ರೈಲಿನ್ಯಾಗ ಹ್ಯಾಂಗ ಒಯ್ಯಲಿ? ನಿನ್ನ ಹಂತ್ಯಾಕ ಇರಲಿ. ಬ್ಯಾಸಗಿಗಿ ಬಂದು ಒಯ್ತೇನಿ. ಹುಳ ಹಾಕು, ನೀರು ಬದಲ್ಸು, ಅಷ್ಟೇ."

ಬೇಸಗೆ ಬಂತು, ಸುಗರಾ ಬರಲಿಲ್ಲ. ಬಂದದ್ದು ಬೇನೆ. ಮೊದಲು ಕಿವಿರಿನ ಕೆಂಪು ಇಳಿದು, ಅದರ ತುದಿ ಮುಂದಕ್ಕೆ ಮುದುರಿತು. ಆಮೇಲೆ ಬಾಲದ ಕೊನೆ ಕೊಕ್ಕೆಯಂತೆ ಬಾಗಿತು. ತಳದಲ್ಲಿ ಹಾಯಾಗಿ ಬಿದ್ದಿರುತ್ತಿದ್ದ ಪ್ರಾಣಿ ಮೇಲಕ್ಕೆ ಬಂದು ತೇಲತೊಡಗಿತು. ಈಗ ಕಿವಿರಿನ ಬುಡಕ್ಕೆ ಹತ್ತಿಯ ಎಳೆಯಂಥ ಬಿಳಿ ಬೂಸು ಹಿಡಿದಿತ್ತು.

ಶಿವಕಾಂತಾ ದನದ ದವಾಖಾನೆಗೆ ಹೋದಳು. ಬಾಗಿಲಲ್ಲಿ ಕೂತವನು ಪ್ರಾಣಿಯ ವರ್ಣನೆ ಕೇಳಿ ನಕ್ಕ. "ಹಲ್ಲಿಗಿ ದವಾ ಕೇಳ್ತೀರೇನ್ ಬಾಯೀರಿ? ಡಾಕ್ಟರ್ ಸಾಹೇಬರು ಇಲ್ರಿ. ಭಾಲ್ಕಿಗಿ ಹೋಗ್ಯಾರ."

ಮನೆಗೆ ಬಂದು ನೋಡಿದರೆ ಗುರಮ್ಮ ತೊಟ್ಟಿಗೆ ಹಿಡಿ ಅರಿಶಿನ ಸುರಿದಿದ್ದಳು. ಗುಲಾಬಿ ಗೋಡೆಗೋಡೆಗೆ ಬಡಿದುಕೊಳ್ಳುತ್ತಿತ್ತು. ಶಿವಕಾಂತಾ ನೀರು ಚೆಲ್ಲಿ ಹೊಸ ನೀರು ಹಾಕಿದಳು.

"ನಾ ಏನು ಕೆಟ್ಟ ಮಾಡಿನೇನು? ಗಾಯಕ್ಕ ಅರಿಶಿನ ಹಾಕಂಗಿಲ್ಲೇನು?" ಎಂದು ಗುರಮ್ಮ ಗೊಣಗಿದಳು.

"ನಿಮ್ಮ ಕಾಲು ಬೀಳ್ತೇನ್ರಿ ಅತ್ತಿ, ಕೇಳಲಾರದೆ ಏನೂ ಹಾಕಬ್ಯಾಡ್ರಿ!"

ಗಂಡ ಹಾವಗೆಪ್ಪ ತೊಗರಿ ಖರೀದಿಗೆ ಭಾಲ್ಕಿಗೆ ಹೊರಟಿದ್ದ. ಅವನ ಬೆನ್ನು ಬಿದ್ದು, ಗುಲಾಬಿಯನ್ನು ಹಿತ್ತಾಳೆ ಕೊಡಪಾನದಲ್ಲಿ ಹಾಕಿಕೊಂಡು ರೈಲು ಹತ್ತಿದಳು. ಡಬ್ಬಿಯಲ್ಲಿ ಎಲ್ಲರೂ ಬಗ್ಗಿ ಬಗ್ಗಿ ನೋಡುವವರೇ. ಹಾವಗೆಪ್ಪ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತ.

ಭಾಲ್ಕಿಯಲ್ಲಿ ಡಾಕ್ಟರು ಇರಲಿಲ್ಲ. ಔರಾದಿನ ಕಡೆ ದನಗಳಿಗೆ ದೊಡ್ಡ ಬೇನೆ ಬಿದ್ದು ಅಲ್ಲಿಗೆ ಹೋಗಿದ್ದಾರೆಂದು ತಿಳಿಯಿತು.

"ಸಾಕು ಮಾಡು. ಮಂದಿ ಮನಿಮಾರು ಬಿಟ್ಟು ಹೋಗ್ಯಾರ, ಮನಷ್ಯಾರಿಗೇ ಲೆಕ್ಕ ಇಲ್ಲ. ನೀ ಇದರ ಹಿಂದ ಊರೂರು ತಿರುಗ್ತಿ" ಎಂದ ಹಾವಗೆಪ್ಪ.

"ಆ ಮಂದಿಗಿ ನಾ ಏನೂ ಮಾಡಲಿಕ್ಕಾಗಲಿಲ್ಲ. ಇದು ಒಂದು ನನ್ನ ಕೈಯಾಗ ಅದರಿ" ಎಂದವಳೇ ಶಿವಕಾಂತಾ ಔರಾದಿನ ಮೋಟಾರು ಹತ್ತಿದಳು. ಅಲ್ಲಿ ಅವಳ ಅಣ್ಣ ಮಡೆಪ್ಪನ ಮನೆಯಿತ್ತು, ಹಾಗಾಗಿ ಗಂಡ ತಡೆಯಲಿಲ್ಲ.

ಡಾಕ್ಟರ್ ಏಕನಾಥರಾಯರು ಊರ ಹೊರಗೆ ಸತ್ತ ಎತ್ತುಗಳ ನಡುವೆ ಸಿಕ್ಕರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. ಕೊಡಪಾನ ನೋಡಿದ್ದೇ ಸಿಡುಕಿದರು. "ಇಲ್ಲಿ ರೈತರ ಹಟ್ಟಿ ಖಾಲಿ ಆಗ್ಲಿಕತ್ತಾವ. ನಿಮಗ ಇದೇ ಹೊತ್ತು ಸಿಕ್ತೇನ್ರಿ?"

ಶಿವಕಾಂತಾ ಜಾಗ ಬಿಟ್ಟು ಕದಲಲಿಲ್ಲ. ಕಡೆಗೆ ಅವರೇ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು ನೀರಿಗೆ ಬೆರಳದ್ದಿದರು. "ಈ ಪ್ರಾಣಿ ನಾ ಪುಸ್ತಕದಾಗ ನೋಡೀನಿ, ಕಣ್ಣಾರೆ ನೋಡಿಲ್ಲ. ಸುಳ್ಳು ಹೇಳಂಗಿಲ್ಲ, ಇದರ ದವಾ ನನಗ ಗೊತ್ತಿಲ್ರಿ. ಆದರ ಇದು ತಣ್ಣನ ಕೆರಿದು. ಈ ನೀರು ಚಹಾ ಆಗ್ಯಾದ. ತೊಟ್ಟಿ ಎಲ್ಲಿ ಇಟ್ಟೀರಿ?"

"ಬೆಳಕು ಬೀಳ್ಲಿ ಅಂತ ಕಿಡಕಿ ಹಂತ್ಯಾಕ್ರಿ."

"ಮತ್ತ! ನೆರಳಿಗಿ ಇಡ್ರಿ. ಬೂಸು ಬಂದ ಮೀನಕ್ಕ ಉಪ್ಪು ನೀರಿನ್ಯಾಗ ಸ್ವಲ್ಪ ಹೊತ್ತು ಬಿಡ್ತಾರ. ಮಾಡಿ ನೋಡ್ರಿ. ಚಡಪಡಿಸಿದ್ರ ತಗದುಬಿಡ್ರಿ. ಉಳೀತದಂತ ಹೇಳಲಾರೆ."

ಇಷ್ಟು ಕೇಳಲಿಕ್ಕೆ ಮೂರು ಊರು ತಿರುಗಬೇಕಾಯಿತೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ತಾನೇ ಅದನ್ನು ಬಿಸಿಲಿಗಿಟ್ಟು ಬೇಯಿಸಿದೆನಲ್ಲ ಎಂಬ ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು.

ಬೀದರಿಗೆ ಬಂದವಳೇ ಅಡಿಗೆಮನೆಯ ಕತ್ತಲ ಮೂಲೆಯಲ್ಲಿ ದೊಡ್ಡ ಮಣ್ಣಿನ ರಂಜಣಗಿ ಇಟ್ಟು, ಸುತ್ತಲೂ ಒದ್ದೆ ಗೋಣಿ ಸುತ್ತಿ, ಬಾವಿಯಾಳದ ನೀರು ತುಂಬಿದಳು. ದಿನಾ ಗುಲಾಬಿಯನ್ನು ಬೋಗುಣಿಯ ಉಪ್ಪುನೀರಿಗೆ ಬಿಟ್ಟು, ಅದು ಕೊಸರಾಡುವುದನ್ನು ಹಲ್ಲು ಕಚ್ಚಿ ನೋಡಿದಳು. ಗೋಣಿ ಗಳಿಗೆಗೊಮ್ಮೆ ಒಣಗುತ್ತಿತ್ತು. ಬೂಸು ಉದುರಿ ಮತ್ತೆ ಹಿಡಿಯಿತು. ಒಂದು ಕಿವಿರು ಕೊಳೆತು ಕಳಚಿಬಿತ್ತು. "ಸಾಯೂದಿದ್ರ ಸಾಯಿ, ಇಲ್ಲಾ ತಿನ್ನು! ನನಗ ಹೀಂಗ ಕಾಡಬ್ಯಾಡ" ಎಂದು ಒಮ್ಮೆ ರಂಜಣಗಿಯೊಳಗೆ ಬಗ್ಗಿ ಕೂಗಿಯೂ ಬಿಟ್ಟಳು. ಬೂಸು ಪೂರ್ತಿ ಹೋದ ಮೇಲೂ ಅದು ಬಾಯಿ ತೆರೆಯಲಿಲ್ಲ. ಮೃಗಶಿರಾ ಮಳೆ ಬಿದ್ದು ಹವೆ ತಂಪಾದ ಮೇಲೆ ಒಂದು ಮುಂಜಾನೆ, ಅವಳ ಬೆರಳ ತುದಿಯ ಹುಳವನ್ನು ಗಬಕ್ಕನೆ ನುಂಗಿತು. ಖುಷಿ ಹೇಳಿಕೊಳ್ಳೋಣವೆಂದು ಸುತ್ತ ನೋಡಿದರೆ ಗುರಮ್ಮ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು.

ಶ್ರಾವಣದಲ್ಲಿ ಸುಗರಾ ಬಂದಳು. ಮನೆ ಮಾರಲು ಗಂಡನ ಜೊತೆ ಬಂದವಳು, ಸಂಜೆಯ ಗಾಡಿಗೆ ವಾಪಸು. ಬಡವಾಗಿದ್ದಳು. ಊರವರ ಸುದ್ದಿಯನ್ನೆಲ್ಲ ಕೇಳಿದಳು, ಗುಲಾಬಿಯ ಮಾತು ಮಾತ್ರ ಎತ್ತಲಿಲ್ಲ. ಶಿವಕಾಂತಾ ತಡೆಯಲಾರದೆ ಕೈಹಿಡಿದು ರಂಜಣಗಿಯ ಹತ್ತಿರ ಕರೆದೊಯ್ದಳು.

"ಯಾ ಅಲ್ಲಾ! ಇದು ಇನ್ನೂ ಜಿಂದಾ ಅದ?" ಎಂದಳು ಸುಗರಾ. "ಎಂದೋ ಸತ್ತಿರಬೇಕು ಅಂತ ತಿಳಕೊಂಡಿದ್ದೆ, ಆಪಾ."

"ಸತ್ತಿರಬೇಕು ಅಂತ?" ಶಿವಕಾಂತಾಳ ದನಿ ಏರಿತು. "ನಾ ಹುಳ ಹಿಡದೆ! ಔರಾದ ತನಕಾ ಹೊತ್ತೆ! ಮನ್ಯಾಗ ಎಲ್ಲಾರ ಬಾಯಾಗ ಬಿದ್ದೆ! ನೀ ಕೇಳ್ತಿ ಅಂತ ಮಾಡಿದ್ದೆ. ನಿನಗ ನೆನಪೇ ಇಲ್ಲ!"

"ನೆನಪು ಮಾಡಿಕೊಂಡ್ರ ಮನಿ ನೆನಪಾಗ್ತಿತ್ತು. ಮನಿ ನೆನಪಾದ್ರ ಎಲ್ಲಾ ನೆನಪಾಗ್ತಿತ್ತು" ಎಂದು ಸುಗರಾ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. "ಈಗ ಒಂದು ಕ್ವಾಣ್ಯಾಗ ಎಂಟು ಮಂದಿ ಇದ್ದೇವಿ. ಇದಕ್ಕ ಎಲ್ಲಿ ಇಡ್ಲಿ? ನೀನೇ ಇಟ್ಕೋ, ಆಪಾ."

ಶಿವಕಾಂತಾ ಬೈಯೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ, ಇದ್ದವಳು ಸೊರಗಿದ ಗೆಳತಿ ಮಾತ್ರ. ಚಹಾ ಮಾಡಿ ಕೊಟ್ಟಳು. ಗಾಡಿಯ ಹೊತ್ತಾಯಿತೆಂದು ಅಬ್ದುಲ ಖಾದರ ಬಾಗಿಲಲ್ಲಿ ಕೆಮ್ಮಿದ.

ಮರುದಿನ ಮುಂಜಾನೆ ಶಿವಕಾಂತಾ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸುಗರಾಳನ್ನೂ ಗುಲಾಬಿಯನ್ನೂ ಒಟ್ಟಿಗೆ ಬೈಯುತ್ತ ಮಣ್ಣು ಕೆದರಿದಳು.